ಟ್ರಕ್ ಕ್ಯಾಂಪರಿನ ಅಟ್ಟದ ಹಾಸಿಗೆ: ಹತ್ತಿಳಿಯುವ ಸಾಧನಗಳಲ್ಲಿ ಯಾವುದು ನಂಬಿಕಸ್ಥ, ಯಾವುದು ಕೈಕೊಡುತ್ತದೆ

ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ ಕೂರಿಸುವ ಕ್ಯಾಂಪರುಗಳಲ್ಲಿ ಮಲಗುವ ಜಾಗ ಸಾಮಾನ್ಯವಾಗಿ ಡ್ರೈವರ್ ಕ್ಯಾಬಿನ್ನಿನ ನೆತ್ತಿಯ ಮೇಲೆ ಅಟ್ಟದ ಹಾಗೆ ಚಾಚಿಕೊಂಡಿರುತ್ತದೆ. ಜಾಗ ಉಳಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮಂಡಿ ಸವೆದವರಿಗೆ, ಸೊಂಟ ಹಿಡಿದುಕೊಂಡವರಿಗೆ, ಒಂದು ಭುಜ ಮೇಲೇಳದವರಿಗೆ ಇದಕ್ಕಿಂತ ಕೆಟ್ಟ ಉಪಾಯವೂ ಇಲ್ಲ. ಎದೆಮಟ್ಟದ ಹಾಸಿಗೆ, ಅದರ ಮೇಲೆ ಮೂರಡಿ ಆಸುಪಾಸಿನ ಗಾಳಿ, ಕೆಳಗೆ ಒಬ್ಬರು ನಿಲ್ಲುವಷ್ಟೇ ಓಣಿ. ಈ ಇಕ್ಕಟ್ಟಿಗೆಂದು ಮಾರುವ ಏಣಿ, ಸ್ಟೂಲು, ಹಿಡಿ, ಕಂಬಿ, ಪಟ್ಟಿಗಳನ್ನು ಒಂದೊಂದಾಗಿ ತೂಗಿ ನೋಡುವುದು ಈ ವಿಮರ್ಶೆಯ ಕೆಲಸ.

ಮಾರುವವರು ಎಲ್ಲವನ್ನೂ ‘ಹತ್ತಲು ಸುಲಭ’ ಎಂದು ಹೊಗಳುತ್ತಾರೆ. ಹತ್ತುವುದು ಅಂಥ ದೊಡ್ಡ ವಿಷಯವೇ ಅಲ್ಲ. ಹತ್ತುವಾಗ ದೀಪ ಉರಿಯುತ್ತಿರುತ್ತದೆ, ಮೆಟ್ಟಿಲು ಕಣ್ಣಿಗೆ ಕಾಣುತ್ತದೆ, ಮುಗ್ಗರಿಸಿದರೆ ಮೈ ಹಾಸಿಗೆಯ ಮೇಲೆಯೇ ಬೀಳುತ್ತದೆ. ಇಳಿಯುವುದು ರಾತ್ರಿ ಎರಡು ಗಂಟೆಗೆ. ಮೂತ್ರದ ಅವಸರ, ಬಿಗಿದುಕೊಂಡ ಕೀಲುಗಳು, ಅರ್ಧ ನಿದ್ದೆ, ಕಾಣದ ಮೆಟ್ಟಿಲನ್ನು ಹೆಬ್ಬೆರಳಿನಿಂದ ತಡಕುವ ಪಾಡು. ಹಾಗಾಗಿ ಇಲ್ಲಿ ಪ್ರತಿ ಸಾಧನಕ್ಕೂ ಒಂದೇ ಪ್ರಶ್ನೆ: ಇಳಿಯುವಾಗ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ?

ಕೊಳ್ಳುವ ಮೊದಲು ಟೇಪು ಹಿಡಿಯಿರಿ. ಮೂರು ಅಳತೆ ಬೇಕು. ಮೊದಲನೆಯದು, ಕ್ಯಾಂಪರಿನ ನೆಲದಿಂದ ಹಾಸಿಗೆಯ ಅಂಚಿನವರೆಗೆ. ಒಬ್ಬರು ಅಂಚಿನ ಮೇಲೆ ಭಾರ ಹಾಕಿ ಒತ್ತಿದಾಗ ಅಳೆಯಬೇಕು, ಇಲ್ಲದಿದ್ದರೆ ಎರಡು ಇಂಚು ತಪ್ಪುತ್ತದೆ. ಎರಡನೆಯದು, ಆ ಒತ್ತಿದ ಅಂಚಿನಿಂದ ಛಾವಣಿಗೆ. ಮೂರನೆಯದು, ಕುರ್ಚಿಯಲ್ಲಿ ಕುಳಿತಾಗ ನೆಲದಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗೆ. ವಯಸ್ಕರಲ್ಲಿ ಇದು ಹೆಚ್ಚಾಗಿ 16–17 ಇಂಚು. ಮೊದಲನೆಯದರಿಂದ ಮೂರನೆಯದನ್ನು ಕಳೆದರೆ ಬರುವುದೇ ಮೇಲಿನ ಮೆಟ್ಟಿಲು ಇರಬೇಕಾದ ಎತ್ತರ. ಅಂಚು 44 ಇಂಚು, ಕಾಲು 17 ಇಂಚು ಎಂದುಕೊಳ್ಳಿ: ಮೇಲಿನ ಮೆಟ್ಟಿಲು 27 ಇಂಚಿನಲ್ಲಿ. ಅದನ್ನು ಮೂರು ಪಾಲು ಮಾಡಿದರೆ 9, 18, 27. ಮನೆಯ ಮೆಟ್ಟಿಲು ಏಳು ಇಂಚಿನ ಸುತ್ತಮುತ್ತ ಇರುತ್ತದೆ, ಒಂಬತ್ತೆಂದರೆ ಎತ್ತರವೇ. ಮಂಡಿ ತೀರಾ ದುರ್ಬಲವಾಗಿದ್ದರೆ ನಾಲ್ಕು ಪಾಲು ಮಾಡಿ, ತಲಾ ಆರೂಮುಕ್ಕಾಲು ಇಂಚು ಬರುತ್ತದೆ. ಆಗ ಓಣಿಯಲ್ಲಿ ಇನ್ನೊಂದು ಮೆಟ್ಟಿಲಿನ ಜಾಗ ಹೋಗುತ್ತದೆ.

ಈ ಲೆಕ್ಕ ಮಾಡದೆ ಕೊಂಡವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಒಂಬತ್ತು ಇಂಚಿನ ಒಂದು ಸ್ಟೂಲು ತಂದು ನೆಲದ ಮೇಲಿಟ್ಟು, ಉಳಿದ 35 ಇಂಚನ್ನು ತೋಳಿನ ಬಲದ ಮೇಲೆ ಬಿಟ್ಟುಬಿಡುವುದು. ಹತ್ತುವಾಗ ಹೇಗೋ ನಡೆಯುತ್ತದೆ. ಇಳಿಯುವಾಗ ಕಾಲು ಗಾಳಿಯಲ್ಲಿ ತೂಗಾಡುತ್ತದೆ.

ಕ್ಯಾಂಪರಿನ ಜೊತೆಗೇ ಬರುವ ಕೊಕ್ಕೆ ಏಣಿಯಿಂದ ಶುರು ಮಾಡೋಣ. ಅಲ್ಯೂಮಿನಿಯಂ ಕೊಳವೆಯ ಎರಡು ಕಾಲು, ಅಡ್ಡಕ್ಕೆ ದುಂಡನೆಯ ಮೂರ್ನಾಲ್ಕು ಕೋಲು, ಮೇಲೆ ಅಂಚಿಗೆ ಸಿಕ್ಕಿಸುವ ಕೊಕ್ಕೆ. ಹಗುರ, ಮಡಿಸಿಡಬಹುದು, ಅಷ್ಟೇ ಅದರ ಗುಣ. ಬರಿಗಾಲಿಗೆ ದುಂಡು ಕೋಲು ಅಂಗಾಲಿನ ಕಮಾನಿಗೆ ಒತ್ತುತ್ತದೆ. ನರದೋಷದಿಂದ ಪಾದ ಜೋಮು ಹಿಡಿದವರಿಗೆ ಕಾಲು ಕೋಲಿನ ಮೇಲಿದೆಯೋ ಪಕ್ಕದಲ್ಲಿದೆಯೋ ಗೊತ್ತಾಗುವುದಿಲ್ಲ. ಏಣಿ ಬಹುತೇಕ ನೆಟ್ಟಗೆ ನಿಲ್ಲುವುದರಿಂದ ಮೈಯ ಭಾರದ ದೊಡ್ಡ ಪಾಲು ಕೈಗೆ ಬರುತ್ತದೆ, ಭುಜದ ತೊಂದರೆಯವರಿಗೆ ಅದು ಆಗದ ಮಾತು. ಕೊಕ್ಕೆಗೂ ಒಂದು ಚಾಳಿಯಿದೆ: ಮೇಲಿಂದ ಪಾದ ಇಡುವಾಗ ಹಿಮ್ಮಡಿ ತಾಗಿದರೆ ಏಣಿ ಮೇಲೆದ್ದು ಕಳಚಿಕೊಳ್ಳುತ್ತದೆ. ಇದನ್ನೇ ಉಳಿಸಿಕೊಳ್ಳುವುದಾದರೆ ಕೋಲುಗಳ ಮೇಲೆ ನಾಲ್ಕು ಇಂಚು ಅಗಲದ ಚಪ್ಪಟೆ ಹಲಗೆ ಕೂರಿಸಿ, ಕೊಕ್ಕೆಗೆ ಅಡ್ಡಪಿನ್ನು ಹಾಕಿ. ಚಲನೆಯ ತೊಂದರೆ ಇರುವವರಿಗೆ ಇದನ್ನು ಶಿಫಾರಸು ಮಾಡಲಾರೆವು.

ಸ್ಟೂಲುಗಳಲ್ಲಿ ಎರಡು ಜಾತಿ. ಮಡಚುವ ಪ್ಲಾಸ್ಟಿಕ್ ಸ್ಟೂಲು ಅಡುಗೆಮನೆಗೆ ಸರಿ, ಇಲ್ಲಿಗೆ ಬೇಡ. ನಾಲ್ಕು ಕಾಲಿನ ಅಗಲವಾದ ಅಲ್ಯೂಮಿನಿಯಂ ಮಣೆ, ಕಾಲಿನ ಎತ್ತರ ಹೊಂದಿಸುವಂಥದ್ದು, ಇದಕ್ಕಿಂತ ಎಷ್ಟೋ ಮೇಲು. ತೂಕದ ಮಿತಿ ಓದುವಾಗ ನಿಮ್ಮ ತೂಕದ ಒಂದೂವರೆ ಪಟ್ಟಾದರೂ ಇರಲಿ. ಇಳಿಯುವಾಗ ಪಾದ ‘ಇಡುವುದಿಲ್ಲ’, ಕೊನೆಯ ಎರಡು ಇಂಚು ‘ಬೀಳುತ್ತದೆ’. ಸ್ಟೂಲಿನ ನಿಜವಾದ ದೋಷ ಎತ್ತರವಲ್ಲ, ಜಾರುವುದು. ಹಾಸಿಗೆಗೆ ಮೈ ಎಸೆಯುವಾಗ ಹಿಂಗಾಲು ಸ್ಟೂಲನ್ನು ಹಿಂದಕ್ಕೆ ಒದೆಯುತ್ತದೆ. ಅದು ಎರಡು ಮೂರು ಇಂಚು ಸರಿದಿದ್ದು ಹತ್ತಿದವರಿಗೆ ತಿಳಿಯುವುದಿಲ್ಲ, ಬೆಳಗಿನ ಜಾವ ಪಾದ ಹುಡುಕುವ ಜಾಗದಲ್ಲಿ ಸ್ಟೂಲೇ ಇರುವುದಿಲ್ಲ. ಪರಿಹಾರ ಅಗ್ಗದ್ದು: ಸ್ಟೂಲಿನ ನಾಲ್ಕು ಕಾಲು ಕೂರುವ ಅಳತೆಗೆ ಅರ್ಧ ಇಂಚು ದಪ್ಪದ ಮರದ ಪಟ್ಟಿಯ ಚೌಕಟ್ಟು ಮಾಡಿ ನೆಲಕ್ಕೆ ಬಿಗಿಯಿರಿ. ಬಿಗಿಯುವ ಜಾಗದ ಕೆಳಗೆ ನೀರಿನ ಟ್ಯಾಂಕು, ವೈರು, ಕೊಳವೆ ಇಲ್ಲವೆಂದು ಖಚಿತ ಮಾಡಿಕೊಂಡ ಮೇಲೆಯೇ.

ಊಟದ ಮೇಜಿನ ಪಕ್ಕದ ಬೆಂಚು ಅನೇಕ ಕ್ಯಾಂಪರುಗಳಲ್ಲಿ ಹುಟ್ಟುಮೆಟ್ಟಿಲು. 16–18 ಇಂಚು ಎತ್ತರ, ನಮ್ಮ ಲೆಕ್ಕದ ಎರಡನೇ ಮೆಟ್ಟಿಲಿಗೆ ಹೇಳಿ ಮಾಡಿಸಿದಂತಿದೆ. ಎರಡು ಎಚ್ಚರಿಕೆ ಬೇಕು. ಮೆತ್ತೆಯ ಮೇಲೆ ಕಾಲಿಟ್ಟರೆ ಪಾದ ಹೊರಳುತ್ತದೆ, ರಾತ್ರಿ ಮಲಗುವ ಮೊದಲೇ ಮೆತ್ತೆ ತೆಗೆದಿಡಿ. ಬೆಂಚಿನ ಮುಚ್ಚಳ ಎಷ್ಟೋ ಕಡೆ ತೆಳು ಪ್ಲೈವುಡ್, ಕೂರಲು ಸಾಕು, ಒಂದೇ ಪಾದದ ಮೇಲೆ ಇಡೀ ಮೈಭಾರ ಹಾಕಿದರೆ ನಡುವೆ ಬಾಗುತ್ತದೆ. 18 ಮಿ.ಮೀ. ಪ್ಲೈವುಡ್‌ಗೆ ಬದಲಿಸಿ ಅಥವಾ ಕೆಳಗೆ ಒಂದೂವರೆ ಇಂಚಿನ ಮರದ ಅಡ್ಡಪಟ್ಟಿ ಕೊಡಿ. ಅಡುಗೆಕಟ್ಟೆ, ಒಲೆಯ ಮುಚ್ಚಳ, ಫ್ರಿಜ್ ಕಪಾಟು ಕಾಲಿಡುವ ಜಾಗಗಳಲ್ಲ. ಕಟ್ಟೆಯ ಹಲಗೆ ಗಟ್ಟಿಯಾಗಿ ಕಂಡರೂ ಅದನ್ನು ಗೋಡೆಗೆ ಹಿಡಿದಿರುವುದು ಕೆಲವೇ ಸಣ್ಣ ಸ್ಕ್ರೂಗಳು.

ಇನ್ನು ಎರಡೂ ಕಾಲಿಗೆ ಬೇರೆಬೇರೆ ಅರ್ಧ ಹಲಗೆಯಿರುವ ‘ಎಡ-ಬಲ’ ಮೆಟ್ಟಿಲು. ಕಡಿಮೆ ಜಾಗದಲ್ಲಿ ಕಡಿದಾಗಿ ಏರಬಹುದೆಂದು ಇದಕ್ಕೆ ಬಹಳ ಮೆಚ್ಚುಗೆಯಿದೆ, ಆರೋಗ್ಯವಂತರಿಗೆ ಆ ಮೆಚ್ಚುಗೆ ಸರಿಯೂ ಹೌದು. ಆದರೆ ಒಂದು ಕಾಲು ಸೋತವರು ನಡೆಯುವ ರೀತಿಯೇ ಬೇರೆ: ಗಟ್ಟಿ ಕಾಲು ಮೇಲಿಟ್ಟು, ಇನ್ನೊಂದನ್ನು ಅದೇ ಮೆಟ್ಟಿಲಿಗೆ ಎಳೆದುಕೊಂಡು, ನಿಂತು, ಮತ್ತೆ ಮುಂದಿನದು. ಅರ್ಧ ಹಲಗೆಯ ಮೇಲೆ ಎರಡನೇ ಪಾದಕ್ಕೆ ಜಾಗವೇ ಇಲ್ಲ. ಯಾರಿಗೆ ಬೇಕೆಂದು ಮಾರುತ್ತಾರೋ ಅವರಿಗೇ ಆಗದ ವಸ್ತು.

ನಮ್ಮ ಮಟ್ಟಿಗೆ ಗೆಲ್ಲುವುದು ಪೆಟ್ಟಿಗೆ ಮೆಟ್ಟಿಲು. 18 ಮಿ.ಮೀ. ಪ್ಲೈವುಡ್‌ನ ಎರಡು ಮೂರು ಪೆಟ್ಟಿಗೆ, ಒಳಗೆ ಬೂಟು, ಹೊದಿಕೆ ತುಂಬಬಹುದು. ಸಿದ್ಧವಾಗಿಯೂ ಸಿಗುತ್ತದೆ, ಅಳತೆ ಕೊಟ್ಟು ಮಾಡಿಸುವುದು ಲೇಸು. ಗೆಲ್ಲಲು ಕಾರಣ ಗಟ್ಟಿತನವಲ್ಲ, ಮೇಲಿನ ಪೆಟ್ಟಿಗೆಯ ಆಳ. ಇಲ್ಲಿ ಯಾರೂ ಹೇಳದ ಒಂದು ಲೆಕ್ಕವಿದೆ. ಕ್ಯಾಂಪರಿನ ಒಳ ಎತ್ತರ ಆರೂವರೆ ಅಡಿ, ಅಂದರೆ 78 ಇಂಚು ಎಂದಿಟ್ಟುಕೊಳ್ಳಿ. 27 ಇಂಚಿನ ಮೆಟ್ಟಿಲ ಮೇಲೆ ನಿಂತರೆ ತಲೆಗೆ ಉಳಿಯುವುದು 51 ಇಂಚು. 18ರ ಮೇಲೆ 60. ಮಧ್ಯಮ ಎತ್ತರದವರೂ ಒಂಬತ್ತಿಂಚಿನ ಮೆಟ್ಟಿಲಿಗೆ ಬರುವ ತನಕ ಬೆನ್ನು ನೆಟ್ಟಗೆ ಮಾಡುವಂತಿಲ್ಲ. ಹಾಸಿಗೆಯಂಚಿನಲ್ಲಿ ಕುಳಿತು ಮುಂದಕ್ಕೆ ನೋಡುತ್ತ ಎದ್ದು ಇಳಿಯಲು ಹೋದರೆ ಬಾಗಿದ ಬೆನ್ನು, ಮುಂದಕ್ಕೆ ವಾಲಿದ ಭಾರ, ಎದುರಿಗೆ ಹಿಡಿಯಲು ಬರೀ ಗಾಳಿ. ಬೀಳುವುದು ಇಲ್ಲಿಯೇ.

ಮೇಲಿನ ಪೆಟ್ಟಿಗೆ 14ರಿಂದ 16 ಇಂಚು ಆಳವಿದ್ದರೆ ನಿಲ್ಲುವ ಅಗತ್ಯವೇ ಬೀಳುವುದಿಲ್ಲ. ಹಾಸಿಗೆಯಿಂದ ಅದರ ಮೇಲೆ ಕುಳಿತುಕೊಂಡೇ ಜಾರಬಹುದು. 27ರ ಮೇಲೆ ಕುಳಿತಾಗ ಪಾದ 9ರ ಮೆಟ್ಟಿಲಿಗೆ ಸಿಗುತ್ತದೆ, ನಡುವೆ 18 ಇಂಚು, ಒಂದು ಕುರ್ಚಿಯಷ್ಟು ಎತ್ತರ. ಅಲ್ಲಿಂದ ಹಿಡಿ ಹಿಡಿದು ಎದ್ದರೆ ತಲೆಗೆ 69 ಇಂಚು ಸಿಗುತ್ತದೆ. ಪಾದ ಒಂಬತ್ತಕ್ಕೆ ಎಟಕಬೇಕಾದರೆ ಮೂರು ಮೆಟ್ಟಿಲನ್ನೂ ಒಂದೇ ನೇರಕ್ಕೆ ಇಡದೆ, ಒಂಬತ್ತರ ಮೆಟ್ಟಿಲನ್ನು ದೊಡ್ಡ ಪೆಟ್ಟಿಗೆಯ ಎದುರಿಗೂ 18ರದನ್ನು (ಬೆಂಚು ಇದ್ದರೆ ಬೆಂಚನ್ನೇ) ಪಕ್ಕಕ್ಕೂ ಬರುವಂತೆ ಹೊಂದಿಸಬೇಕು. ಮೇಲ್ಮೈಗೆ ಮರಳಿನ ಕಾಗದದಂಥ ಒರಟು ಟೇಪು ಅಂಟಿಸಬೇಡಿ, ಮಂಡಿ ಊರುವಾಗ ಚರ್ಮ ತರಚುತ್ತದೆ. ಉಬ್ಬುಗೆರೆಯ ರಬ್ಬರ್ ಹಾಳೆ ಸಾಕು. ಅಂಚಿಗೆ ಒಂದು ಇಂಚು ಅಗಲದ ಬಿಳಿಯ ಅಥವಾ ಹಳದಿ ಪಟ್ಟಿ ಇರಲಿ. ಪೆಟ್ಟಿಗೆಗಳನ್ನು ಒಂದಕ್ಕೊಂದು ಬೋಲ್ಟು ಮಾಡಿ, ಗೋಡೆಗೋ ಬೆಂಚಿಗೋ ಕಟ್ಟಿಹಾಕಿ. ಗಾಡಿ ಬ್ರೇಕು ಹಾಕಿದಾಗ ಹಾರಿಬರುವ ವಸ್ತುಗಳಲ್ಲಿ ಇದೂ ಒಂದಾಗಬಾರದು. ದೋಷವೆಂದರೆ ತೂಕ ಮತ್ತು ಜಾಗ. ಕ್ಯಾಂಪರ್ ಹೊತ್ತ ಟ್ರಕ್ಕಿನ ಭಾರದ ಮಿತಿ ಮೊದಲೇ ಬಿಗಿಯಾಗಿರುತ್ತದೆ, ಇಲ್ಲಿ ಸೇರಿಸಿದ್ದನ್ನು ಇನ್ನೆಲ್ಲಾದರೂ ಕಳೆಯಬೇಕಾಗುತ್ತದೆ.

ಮೆಟ್ಟಿಲಿಗಿಂತ ಹಿಡಿ ಮುಖ್ಯ. ಇಲ್ಲಿ ತಪ್ಪು ಕೊಂಡವರೇ ಹೆಚ್ಚು.

ಸಕ್ಷನ್ ಕಪ್ಪಿನ ಹಿಡಿ ಕಣ್ಣಿಗೆ ಚೆಂದ, ತೂತು ಕೊರೆಯುವ ರಗಳೆಯಿಲ್ಲ. ನಯವಾದ ಟೈಲ್ಸ್‌ಗೆಂದು ಮಾಡಿದ ವಸ್ತು ಅದು. ಕ್ಯಾಂಪರಿನ ಗೋಡೆಗೆ ಕಾಗದದಂಥ ಸಣ್ಣ ಉಬ್ಬುತಗ್ಗಿನ ಹೊದಿಕೆ ಇರುತ್ತದೆ, ಗಾಳಿ ನುಸುಳುತ್ತದೆ. ಹಗಲು ಕಾದು ರಾತ್ರಿ ತಣ್ಣಗಾಗುವ ಗೋಡೆಯಲ್ಲಿ, ಘಟ್ಟ ಹತ್ತಿ ಗಾಳಿಯ ಒತ್ತಡ ಇಳಿದಾಗ, ಹಿಡಿತ ಸದ್ದಿಲ್ಲದೆ ಸಡಿಲವಾಗುತ್ತದೆ. ಕೊಳ್ಳಲೇಬೇಡಿ. ನೆಲದಿಂದ ಛಾವಣಿಗೆ ಒತ್ತಿ ನಿಲ್ಲಿಸುವ ಸ್ಪ್ರಿಂಗು ಅಥವಾ ಸ್ಕ್ರೂ ಕಂಬ ಮನೆಯಲ್ಲಿ ಬಹಳ ಒಳ್ಳೆಯ ಸಾಧನ. ಕ್ಯಾಂಪರಿನ ಛಾವಣಿ ಕಾಂಕ್ರೀಟಲ್ಲ. ತೆಳು ಹಲಗೆ, ಫೋಮು, ಅದರ ಮೇಲೊಂದು ಹೊದಿಕೆ. ಕಂಬವನ್ನು ಬಿಗಿದಷ್ಟೂ ಛಾವಣಿ ಮೇಲೇಳುತ್ತದೆ, ಸಂದು ಬಿಡುತ್ತದೆ, ಮಳೆನೀರು ದಾರಿ ಕಂಡುಕೊಳ್ಳುತ್ತದೆ.

ಉಳಿಯುವುದು ಸ್ಕ್ರೂ ಹಾಕಿ ಕೂರಿಸುವ ಸ್ನಾನದ ಮನೆಯ ಸ್ಟೀಲ್ ಹಿಡಿ. ಅಂಗವಿಕಲರ ಅನುಕೂಲಕ್ಕೆ ಅಮೆರಿಕದಲ್ಲಿರುವ ಎಡಿಎ ಮಾನದಂಡ ಇಂಥ ಹಿಡಿಗೆ ಹೇಳುವ ಅಳತೆ ಇಲ್ಲಿಯೂ ಸರಿಹೊಂದುತ್ತದೆ: ವ್ಯಾಸ 1¼ರಿಂದ 2 ಇಂಚು, ಗೋಡೆಗೂ ಹಿಡಿಗೂ ನಡುವೆ 1½ ಇಂಚು, 250 ಪೌಂಡ್ ಬಲ ತಡೆಯಬೇಕು. ಹಿಡಿ ತಡೆದೀತು, ಗೋಡೆ ತಡೆಯಬೇಕಲ್ಲ! ಒಳಗೋಡೆ ಸುಮಾರು ಮೂರು ಮಿ.ಮೀ. ತೆಳು ಹಲಗೆ, ಅದಕ್ಕೆ ಮಾತ್ರ ಸಿಕ್ಕಿಸಿದ ಸ್ಕ್ರೂ ಮೊದಲ ವಾರ ಗಟ್ಟಿಯಾಗಿರುತ್ತದೆ, ಒಂದು ರಾತ್ರಿ ಹಲಗೆಯ ಸಮೇತ ಕಿತ್ತುಬರುತ್ತದೆ. ಒಳಗಿನ ಚೌಕಟ್ಟು ಹುಡುಕಬೇಕು. ಮರದ ಚೌಕಟ್ಟಾದರೂ ಅಲ್ಯೂಮಿನಿಯಂ ಆದರೂ ಹಲಗೆ ಹಿಡಿದಿರುವ ಮೊಳೆ ಸ್ಕ್ರೂಗಳು ಸಾಮಾನ್ಯವಾಗಿ ಉಕ್ಕಿನವು, ಸಣ್ಣ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಗೋಡೆಯ ಮೇಲೆ ಆಡಿಸಿದರೆ ಸಾಲು ಸಿಗುತ್ತದೆ. ಬರೀ ಅಂಟಿನಿಂದ ಕೂಡಿಸಿದ ಗೋಡೆಯಾದರೆ ತಯಾರಕರ ನಕ್ಷೆಯೇ ಗತಿ.

ಮರದ ಚೌಕಟ್ಟಿಗೆ ಹೀಗೆ ಮಾಡಿ: 12 ಮಿ.ಮೀ. ಪ್ಲೈವುಡ್ ಹಲಗೆಯೊಂದನ್ನು ಎರಡು ಚೌಕಟ್ಟಿನ ಕಟ್ಟಿಗೆಗಳ ಮೇಲೆ ಹಾಯುವಂತೆ ಕತ್ತರಿಸಿ, ಹಿಂಬದಿಗೆ ಅಂಟು ಬಳಿದು, 40 ಮಿ.ಮೀ. ಸ್ಕ್ರೂಗಳಿಂದ ಬಿಗಿಯಿರಿ. ಹಲಗೆ 12, ಗೋಡೆಯ ಸಿಪ್ಪೆ 3, ಉಳಿದ 25 ಮಿ.ಮೀ. ಕಟ್ಟಿಗೆಯೊಳಗೆ. ಒಂದೂವರೆ ಇಂಚಿನ, ಅಂದರೆ 38 ಮಿ.ಮೀ. ಕಟ್ಟಿಗೆಯಲ್ಲಿ ಇನ್ನೂ 13 ಮಿ.ಮೀ. ಮಿಗುತ್ತದೆ, ಹೊರಗಿನ ತಗಡಿಗೆ ತಾಗುವುದಿಲ್ಲ. ಸ್ಕ್ರೂ ಈ ಮಿಗುವ ಜಾಗವನ್ನೂ ಮೀರುವಷ್ಟು ಉದ್ದವಾದರೆ ಹೊರಗೋಡೆ ತೂತಾಗಿ ಸೋರುತ್ತದೆ. ಈ ಹಲಗೆಯನ್ನು ಗೋಡೆಗೆ ಕೂರಿಸುವ ಮೊದಲೇ ಅದರ ಬೆನ್ನಿಗೆ ಟೀ-ನಟ್ಟು (ಮರಕ್ಕೆ ಬಡಿದು ಕೂರಿಸುವ ಹಲ್ಲಿನ ನಟ್ಟು) ಹೊಡೆದಿಟ್ಟರೆ ಹಿಡಿಗೆ ಸ್ಕ್ರೂ ಬದಲು ಬೋಲ್ಟು ಹಾಕಬಹುದು. ಇದಕ್ಕಿಂತಲೂ ಭದ್ರವಾದ ಜಾಗ ಒಂದಿದೆ: ಹಾಸಿಗೆಯ ಅಂಚಿಗೆ ತಾಗಿದ ಬಟ್ಟೆ ಕಪಾಟಿನ ಅಡ್ಡಗೋಡೆ. ಅದರ ಇನ್ನೊಂದು ಮಗ್ಗುಲಿಗೆ ಕೈಹೋಗುತ್ತದೆ, ಆಚೆಯಿಂದ ಅಲ್ಯೂಮಿನಿಯಂ ತಗಡು ಕೊಟ್ಟು ಬೋಲ್ಟು ಆರಪಾರ ಹಾಕಬಹುದು. ವೈರು ನೋಡಿಕೊಂಡು ಕೊರೆಯಿರಿ.

ಹಿಡಿಯನ್ನು ಅಡ್ಡವಾಗಿ ಅಲ್ಲ, ನೆಟ್ಟಗೆ ಹಾಕಿ. 16–18 ಇಂಚು ಉದ್ದ, ಮೂರನೇ ಒಂದು ಪಾಲು ಹಾಸಿಗೆಮಟ್ಟಕ್ಕಿಂತ ಮೇಲೆ, ಉಳಿದದ್ದು ಕೆಳಗೆ. ಇಳಿಯುತ್ತ ಹೋದಂತೆ ಕೈ ಬಿಡದೆ ಕೆಳಕ್ಕೆ ಜಾರಿಸಬಹುದು. ಇಳಿಯುವಾಗ ಗಟ್ಟಿ ಕೈ ಯಾವ ಕಡೆ ಬರುತ್ತದೆ ಎಂದು ಒಮ್ಮೆ ಅಭಿನಯಿಸಿ ನೋಡಿ ಗುರುತು ಹಾಕಿ. ಹಿಮ್ಮುಖವಾಗಿ ಇಳಿಯುವವರಿಗೂ ಮುಮ್ಮುಖವಾಗಿ ಇಳಿಯುವವರಿಗೂ ಆ ಕಡೆ ಅದಲುಬದಲಾಗುತ್ತದೆ.

ಹಾಸಿಗೆಯ ಕೆಳಗೆ ತೂರಿಸಿ ಬದಿಗೆ ನಿಲ್ಲಿಸುವ ಆಸರೆ ಕಂಬಿ (ಬೆಡ್ ರೇಲ್) ಇಲ್ಲಿ ಕೆಲಸಕ್ಕೆ ಬಾರದು. ಮನೆಯ ಮಂಚದಲ್ಲಿ ಅದರ ಪಟ್ಟಿಯನ್ನು ಮಂಚದ ಆಚೆ ಬದಿಗೆ ಸುತ್ತಿ ಬಿಗಿಯುತ್ತಾರೆ. ಅಟ್ಟದಲ್ಲಿ ಆಚೆ ಬದಿ ಎಂಬುದೇ ಇಲ್ಲ, ನಾಲ್ಕೈದು ಇಂಚಿನ ಹಗುರ ಫೋಮು ಅದನ್ನು ಒತ್ತಿಹಿಡಿಯುವುದೂ ಇಲ್ಲ. ಸಡಿಲವಾದ ಕಂಬಿಗೂ ಹಾಸಿಗೆಗೂ ನಡುವಿನ ಸಂದಿನಲ್ಲಿ ಕುತ್ತಿಗೆ, ಎದೆ ಸಿಕ್ಕಿಕೊಳ್ಳುವ ಅಪಾಯ ಸಣ್ಣದಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ವಯಸ್ಕರ ಇಂಥ ಕಂಬಿಗಳಿಗೆ 2023ರಲ್ಲಿ ಕಡ್ಡಾಯ ಮಾನದಂಡ ತಂದಿದ್ದು ಈ ಸಿಕ್ಕಿಕೊಳ್ಳುವಿಕೆಯ ಕಾರಣಕ್ಕೇ. ಎದ್ದು ಕೂರಲು ಕುಣಿಕೆಗಳಿರುವ ಎಳೆಪಟ್ಟಿ ಇದಕ್ಕಿಂತ ಮೇಲು. 25 ಮಿ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿ ಆರಿಸಿ, ನೈಲಾನ್ ಹಿಗ್ಗುತ್ತದೆ. ಪಟ್ಟಿಗೇ ತೂತು ಹೊಡೆದು ಸ್ಕ್ರೂ ಹಾಕಿದರೆ ನೂಲು ಬಿಚ್ಚಿಕೊಳ್ಳುತ್ತದೆ. ಹಾಸಿಗೆಯ ಕೆಳಗಿನ ಹಲಗೆಗೆ ಬೋಲ್ಟು ಮಾಡಿದ ಬಳೆಗೆ ಕಟ್ಟಿ.

ಹಾಸಿಗೆ ಯಾವ ದಿಕ್ಕಿಗಿದೆ ಎಂಬುದರ ಮೇಲೆ ಒಂದು ಸಿದ್ಧ ಉಪದೇಶ ಓಡಾಡುತ್ತದೆ: ಗಾಡಿಯ ಉದ್ದಕ್ಕೆ ಮಲಗುವುದೇ ಒಳ್ಳೆಯದು, ಅಡ್ಡಕ್ಕೆ ಮಲಗಿದರೆ ಒಳಗಿನವರು ಹೊರಗಿನವರನ್ನು ದಾಟಬೇಕು ಎಂದು. ಇಬ್ಬರಿದ್ದರೆ ನಿಜ. ಆದರೆ ಉದ್ದಕ್ಕೆ ಮಲಗಿದವರು ಪಾದದ ಕಡೆಯಿಂದಲೇ ಹೊರಬರಬೇಕು, ಐದಾರು ಅಡಿ ಮೈ ಎಳೆಯಬೇಕು. ಅಡ್ಡಕ್ಕೆ ಮಲಗಿದ ಒಂಟಿ ಪ್ರಯಾಣಿಕರು ಮಗ್ಗುಲಾಗಿ, ಮಂಡಿ ಮಡಿಸಿ, ಕಾಲನ್ನು ಅಂಚಿನಾಚೆ ಇಳಿಬಿಟ್ಟು, ಮೊಣಕೈ ಊರಿ ಎದ್ದರೆ ಮುಗಿಯಿತು, ಮನೆಯ ಮಂಚದಂತೆಯೇ. ಬೆನ್ನುನೋವಿನ ಒಬ್ಬಂಟಿಗೆ ಅಡ್ಡ ಹಾಸಿಗೆಯೇ ವಾಸಿ.

ಹಾಸಿಗೆಯೊಳಗಿನ ವಸ್ತುವೂ ಲೆಕ್ಕಕ್ಕೆ ಬರುತ್ತದೆ. ಮೆಮೊರಿ ಫೋಮು ಚಳಿಯಲ್ಲಿ ಗಟ್ಟಿಯಾಗುತ್ತದೆ, ಮೈಬಿಸಿಗೆ ಕರಗಿದ ಕಡೆ ಗುಂಡಿ ಬೀಳುತ್ತದೆ. ಆ ಗುಂಡಿಯಿಂದ ಹೊರಳಿ ಏಳುವುದೇ ಒಂದು ಕಸರತ್ತು. ಲೇಟೆಕ್ಸ್ ತಕ್ಷಣ ಮೇಲೇಳುತ್ತದೆ, ಹೊರಳಲು ನೆರವಾಗುತ್ತದೆ. ಆದರೆ ದಪ್ಪ ಹಾಸಿಗೆಯ ಆಸೆ ಬೇಡ, ಪ್ರತಿ ಇಂಚೂ ತಲೆಯ ಮೇಲಿನ ಜಾಗದಿಂದ ಕಳೆಯುತ್ತದೆ. ನೆಟ್ಟಗೆ ಕುಳಿತ ವಯಸ್ಕರ ಬೆನ್ನು-ತಲೆಯ ಎತ್ತರ 33ರಿಂದ 36 ಇಂಚು ಬರುತ್ತದೆ, ಛಾವಣಿಯ ಅಂತರ ಅದಕ್ಕಿಂತ ಕಡಿಮೆಯಾದರೆ ಕತ್ತು ಬಗ್ಗಿಸಿಯೇ ಕೂರಬೇಕು. ನಡುಭಾಗಕ್ಕೆ ನುಣುಪಾದ ಬಟ್ಟೆಯ ತುಂಡು ಹಾಸಿದರೆ ಮೈ ತಿರುಗಿಸುವುದು ಸಲೀಸು. ಅಂಚಿಗೆ ಮಾತ್ರ ಹತ್ತಿಯೇ ಇರಲಿ, ಅಲ್ಲಿ ಜಾರಬಾರದು.

ಕುಳಿತು ಜಾರಲಾಗದವರಿಗೆ ಹಿಮ್ಮುಖ ಇಳಿತವೇ ಸುರಕ್ಷಿತ. ಬೋರಲಾಗಿ, ಹೊಟ್ಟೆ ಹಾಸಿಗೆಯ ಮೇಲಿರುವಂತೆಯೇ ಕಾಲು ಹಿಂದಕ್ಕೆ ಸರಿಸಿ, ನೋವಿನ ಕಾಲನ್ನು ಮೊದಲು ಮೇಲಿನ ಮೆಟ್ಟಿಲಿಗೆ ಇಳಿಸಿ, ಗಟ್ಟಿ ಕಾಲನ್ನು ಅದರ ಪಕ್ಕಕ್ಕೆ ತನ್ನಿ. ಎದೆ ಹಾಸಿಗೆಗೆ ಒರಗಿರುವುದರಿಂದ ಬಾಗಿದ ಬೆನ್ನಿಗೆ ಆಸರೆ ಸಿಗುತ್ತದೆ. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂಬ ಫಿಸಿಯೋಥೆರಪಿಸ್ಟರ ಸೂತ್ರ ಇಲ್ಲಿಯೂ ಅದೇ. ಸೊಂಟದ ಕೀಲು ಹೊಸದಾಗಿ ಬದಲಿಸಿಕೊಂಡವರಿಗೆ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದೆಂಬ ನಿರ್ಬಂಧ ಇರಬಹುದು. ಅಂಬೆಗಾಲಿಟ್ಟು ಹತ್ತುವಾಗ ಅದು ಮುರಿಯುತ್ತದೆ. ಅವರು ವೈದ್ಯರ ಒಪ್ಪಿಗೆ ಇಲ್ಲದೆ ಅಟ್ಟದ ತಂಟೆಗೆ ಹೋಗಬಾರದು.

ದೀಪದ ಬಗೆಗೆ ಹೆಚ್ಚು ಹೇಳಬೇಕಿಲ್ಲ: ಅಲುಗಾಟ ಗುರುತಿಸಿ ಹೊತ್ತಿಕೊಳ್ಳುವ ಮಂದ ಹಳದಿ ಅಥವಾ ಕೆಂಪು ದೀಪ, ಮೆಟ್ಟಿಲಿನ ಬದಿಗೆ, ಕಣ್ಣಿಗೆ ನೇರ ಬೀಳದಂತೆ. ಕಾಲುಚೀಲ ಹಾಕಿಕೊಂಡು ಇಳಿಯಬೇಡಿ. ಗಾಡಿಯ ತೂಗಾಟವನ್ನು ಮರೆಯುವವರು ಬಹಳ. ಟ್ರಕ್ಕಿನ ಸ್ಪ್ರಿಂಗುಗಳ ಮೇಲೆ ಕುಳಿತ ಕ್ಯಾಂಪರು ಒಬ್ಬರು ಹೊರಳಿದರೂ ಅಲ್ಲಾಡುತ್ತದೆ. ಕ್ಯಾಂಪರಿನ ನಾಲ್ಕು ಮೂಲೆಯ ಎತ್ತುಗಾಲುಗಳ, ಅಂದರೆ ಜ್ಯಾಕುಗಳ, ಪಾದ ನೆಲಕ್ಕೆ ತಾಗುವಷ್ಟು ಮಾತ್ರ ಇಳಿಸಿದರೆ ತೂಗಾಟ ತಗ್ಗುತ್ತದೆ, ಕ್ಯಾಂಪರನ್ನು ಎತ್ತುವಷ್ಟು ಬಿಗಿಯಬೇಡಿ. ರಾತ್ರಿಯ ಮೂತ್ರಕ್ಕೆ ಮುಚ್ಚಳವಿರುವ ಬಾಟಲಿಯೊಂದು ಕೈಗೆಟುಕುವಲ್ಲಿದ್ದರೆ ಇಳಿಯುವ ಸರದಿಯೇ ಅರ್ಧಕ್ಕಿಳಿಯುತ್ತದೆ. ಮೇಲಿನ ಎಲ್ಲ ಸಾಧನಗಳಿಗಿಂತ ಅಗ್ಗದ ಸಾಧನ ಅದು.

ಇಷ್ಟೆಲ್ಲ ಮಾಡಿಯೂ ಹಗಲು ಹೊತ್ತಿನಲ್ಲಿ, ಎಚ್ಚರದಲ್ಲಿ, ಐದು ಸಲ ಸತತವಾಗಿ ಯಾರ ನೆರವೂ ಇಲ್ಲದೆ ಇಳಿಯಲಾಗದಿದ್ದರೆ ಊಟದ ಮೇಜನ್ನೇ ಬೆಂಚಿನ ಮಟ್ಟಕ್ಕೆ ಇಳಿಸಿ ಹಾಸಿಗೆಯಾಗಿಸಿ. 16–18 ಇಂಚು ಎತ್ತರ, ಎದ್ದು ನಿಲ್ಲಲು ತಕ್ಕ ಮಟ್ಟ. ಒಬ್ಬರಿಗೆ ಸಾಕು, ಎತ್ತರದವರು ಕಾಲು ಮಡಿಸಬೇಕಾದೀತು. ಮೇಜಿನ ಹಲಗೆ ಎರಡೂ ಬದಿಯ ಬೆಂಚಿನಂಚಿಗೆ ಹೊಡೆದ ಪಟ್ಟಿಗಳ ಮೇಲೆ ಕನಿಷ್ಠ ಒಂದು ಇಂಚು ಕೂರಬೇಕು, ನಡುವೆ ಒಂದು ಮಡಚುಗಾಲು ಇರಬೇಕು. ಮೆತ್ತೆಗಳ ನಡುವಿನ ಸಂದು ಬೆನ್ನಿಗೆ ಒತ್ತದಿರಲು ಮೇಲೆ ಎರಡು ಇಂಚಿನ ಫೋಮು ಹಾಸಿ. ಬೆಳಿಗ್ಗೆ ಸುರುಳಿ ಸುತ್ತಿ ಅಟ್ಟಕ್ಕೆ ಎಸೆದರಾಯಿತು, ಅದಕ್ಕಾದರೂ ಆ ಜಾಗ ಉಪಯೋಗಕ್ಕೆ ಬಂತು.